ನಾಲ್ಕು ಭೇಟಿ, ನಾಲ್ಕು ಸೀರೆ

ನರ್ಸಿಂಗ್ ಪದವಿಗೆ ನನಗೆ ತಗುಲಿದ್ದು ಎಪ್ಪತ್ತೆರಡು ಸಾವಿರ ರೂಪಾಯಿ ಮತ್ತು ಮೂರು ವರ್ಷದ ವಾರದ ರಜೆ. ಯಾಕೆ ಇಷ್ಟು ಸುರಿದೆ ಎಂದರೆ, ನಾನೇ ರಕ್ತನಾಳ ಹುಡುಕುವುದನ್ನು ಕಲಿಸಿದ ಹುಡುಗಿ ನನ್ನ ರಜೆ ಅರ್ಜಿಗೆ ಸಹಿ ಹಾಕತೊಡಗಿದ್ದಳು.

ಕೋವಿಡ್ ವಾರ್ಡು ಮುಚ್ಚಿದ ಮರುವರ್ಷದ ಮಾತು. ಮಹಾರಾಷ್ಟ್ರದ ಗಡಿಯ ಇಚಲಕರಂಜಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಯಡ್ರಾವದ ಮಗ್ಗದ ಕಾರ್ಮಿಕನ ಮಗಳು. ಹತ್ತೊಂಬತ್ತು ವರ್ಷದ ಸರ್ವಿಸು, ಕೈಯಲ್ಲಿ ಬರೀ ಜಿ.ಎನ್.ಎಂ. ಡಿಪ್ಲೊಮಾ. ಆ ಹುಡುಗಿಗೆ ಬಿ.ಎಸ್ಸಿ. ಇತ್ತು, ಆದ್ದರಿಂದ ಅವಳು ವಾರ್ಡ್ ಇನ್‌ಚಾರ್ಜ್. ದೊಡ್ಡ ಡಾಕ್ಟರನ್ನು ಕೇಳಿದೆ. "ಡಿಗ್ರಿ ತರ್ರಿ ಸಿಸ್ಟರ್, ಮುಂದಿನ ಕುರ್ಚಿ ನಿಮಗ" ಎಂದರು. ಆ ಮಾತನ್ನು ಕಾಗದದ ಮೇಲೆ ಬರೆಸಿಕೊಂಡೇ ಹೊರಗೆ ಬಂದೆ.

ಕೆಲಸ ಬಿಡದೆ ಓದುವಂಥ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಿದೆ. ಪಾಠವೆಲ್ಲ ಮೊಬೈಲಿನಲ್ಲಿ, ತಿಂಗಳಿಗೆ ಎರಡು ದಿನ ಕೊಲ್ಹಾಪುರದ ಅಧ್ಯಯನ ಕೇಂದ್ರಕ್ಕೆ ಹೋಗಬೇಕು. ಎರಡು ವರ್ಷ ಹೇಗೋ ಕಳೆಯಿತು. ಮೂರನೆಯ ವರ್ಷ ಬಂದದ್ದು ಕಮ್ಯುನಿಟಿ ಹೆಲ್ತ್, ಅಂದರೆ ಜನರ ಮನೆಗೇ ಹೋಗಿ ಮಾಡುವ ಶುಶ್ರೂಷೆ. ಒಂದು ಕುಟುಂಬವನ್ನು ಆರಿಸಿಕೊಂಡು, ವಾರಕ್ಕೊಂದರಂತೆ ನಾಲ್ಕು ಸಲ ಭೇಟಿ ಕೊಟ್ಟು, ಬಿ.ಪಿ., ಸಕ್ಕರೆ ನೋಡಿ, ಫೋಟೋ ಸಮೇತ ಬರೆದು ಒಪ್ಪಿಸುವ ಕಡತಕ್ಕೆ ಫ್ಯಾಮಿಲಿ ಫೋಲ್ಡರ್ ಎನ್ನುತ್ತಾರೆ.

ಕೇಂದ್ರದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅದು ಬರೆದು ಸಿದ್ಧವಾಗಿಯೇ ಸಿಗುತ್ತಿತ್ತು. ಹಿಂದಿನ ಬ್ಯಾಚಿನವರದ್ದು, ವಿದ್ಯಾರ್ಥಿಯ ಹೆಸರು ಮಾತ್ರ ಬದಲಿಸಿ ನಕಲು ಮಾಡಿದರಾಯಿತು. ಅಂಗಡಿಯವ ಎಂಟುನೂರು ಹೇಳಿದ, ಮುನ್ನೂರೈವತ್ತಕ್ಕೆ ಇಳಿಸಿದೆ. ರಾಶಿಯಲ್ಲಿ ನೂಲ ಗ್ರಾಮದ ಕಡತವನ್ನೇ ಎತ್ತಿಕೊಂಡೆ. ಅಲ್ಲಿ ನನ್ನ ಸೋದರತ್ತೆಯ ಮನೆಯಿದೆ. ಪರೀಕ್ಷಕರು ಊರಿನ ಬಗ್ಗೆ ಕೇಳಿದರೆ ತಡವರಿಸುವ ಹಾಗಿರಲಿಲ್ಲ. ಎಂಥ ಜಾಣೆ ನಾನು ಎಂದು ಬೆನ್ನು ತಟ್ಟಿಕೊಂಡೆ.

ಉಳಿದದ್ದು ಫೋಟೋ. ಅದಕ್ಕೂ ಉಪಾಯವಿತ್ತು, ಎಲ್ಲರೂ ಮಾಡುತ್ತಿದ್ದದ್ದೇ: ಒಂದೇ ದಿನ ಹೋಗುವುದು, ಮನೆಯ ಹೆಂಗಸಿಗೆ ನಾಲ್ಕು ಸಲ ಸೀರೆ ಬದಲಿಸಲು ಹೇಳುವುದು, ನಾಲ್ಕು ವಾರದ ನಾಲ್ಕು ಭೇಟಿ ಮುಗಿಸಿಬಿಡುವುದು.

ಒಂದು ಸೋಮವಾರ ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ಎಸ್.ಟಿ. ಬಸ್ಸು ಇಳಿದು ನೂಲಕ್ಕೆ ಹೋದೆ. ಕಡತದಲ್ಲಿದ್ದವಳು ಪದ್ಮವ್ವ, ಕಬ್ಬು ಬೆಳೆಯುವ ಜೈನ ಮನೆತನದ ವಿಧವೆ. ಕಡತದ ಪ್ರಕಾರ ವಯಸ್ಸು ಅರವತ್ತೆರಡು, ಸಕ್ಕರೆ ಕಾಯಿಲೆ ನಿಯಂತ್ರಣದಲ್ಲಿದೆ, "ಪಾದದ ಆರೈಕೆಯನ್ನು ರೋಗಿಯು ಸರಿಯಾಗಿ ವಿವರಿಸುತ್ತಾರೆ." ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತಿದ್ದಳು. ಒಂದು ಫೋಟೋ ಆಯಿತು.

"ಆಯಿ, ಇನ್ನ ಮೂರ ಸೀರಿ ತಗೀರಿ. ಉಟ್ಟ ಬರ್ರಿ, ಭಾಳ ಹೊತ್ತ ಆಗೂದಿಲ್ಲ."

"ಏನ್ ಕನ್ಯೆ ನೋಡಾಕ ಬಂದೀಯೇನವಾ?" ಎಂದು ನಕ್ಕಳು. "ನಂಗ ಏಳಾಕ ಎಲ್ಲಿ ಆಗತೈತಿ ತಂಗಿ. ಕಾಲ ನೋಡ."

ಸೀರೆಯ ಅಂಚು ಸರಿಸಿದಳು. ಅರಿಶಿನ ಮೆತ್ತಿದ ಬಟ್ಟೆ ಬಿಚ್ಚುವ ಮೊದಲೇ ನಾತ ಬಂತು. ಕೊಳೆಯುತ್ತಿರುವ ಬೆರಳಿನ ನಾತ ಅದು. ನನ್ನಂಥವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು.

"ಯಾರಿಗೂ ತೋರಿಸಿಲ್ಲೇನ ಆಯಿ?"

"ನಿನ್ನಂಗ ಬಿಳಿ ಕೋಟಿನಾಕಿ ಒಬ್ಬಾಕಿ ಬಂದಿದ್ಲು, ಐದ ವರ್ಷ ಆತು. ಕಾಲ ಹೆಂಗ ತೊಳೀಬೇಕಂತ ಹೇಳಿ, ಫೋಟೋ ತಗದ್ಲು. ಮುಂದಿನ ವಾರ ಬರ್ತೇನಿ ಅಂದಿದ್ಲು. ಈಗ ನಿನ್ನ ಕಳಿಸ್ಯಾಳೇನು?"

ಕಡತದಲ್ಲಿ ಇಂದಿಗೂ ಅರವತ್ತೆರಡರಲ್ಲೇ ನಿಂತ ಹೆಂಗಸು ನನ್ನೆದುರು ಅರವತ್ತೇಳಾಗಿ ಕೂತಿದ್ದಳು. ಕೀವಿನ ನಾತ ನನಗೆ ಹೊಸದಲ್ಲ. ಆ ದಿನ ಅಸಹ್ಯವಾದದ್ದು ನನ್ನ ಚೀಲದಲ್ಲಿದ್ದ ಆ ಕಡತ, ಮತ್ತು ಅದಕ್ಕೆ ಚೌಕಾಸಿ ಮಾಡಿದ ನನ್ನ ನಾಲಿಗೆ.

ಅವಳ ಮಗನನ್ನು ಹೊಲದಿಂದ ಕರೆಸಿ, ಈಗಲೇ ಆಸ್ಪತ್ರೆಗೆ ಒಯ್ಯಬೇಕು ಎಂದೆ. ಅವನು, "ಕಬ್ಬು ಕಡಿಯೋ ಟೋಳಿ ಬಂದೈತ್ರಿ, ಇವತ್ತ ದವಾಖಾನಿಗೆ ಆಗೂದಿಲ್ಲ. ನಾಡದ ನೋಡೂಣು" ಎಂದ.

"ಇವತ್ತ ಹೋದ್ರ ಎರಡ ಬೆರಳು. ನಾಡದ ಹೋದ್ರ ಮೊಳಕಾಲ ತನಕ. ಯಾವ ವ್ಯವಹಾರ ಬೇಕು, ನೀವ ಹೇಳ್ರಿ."

ಅವನು ಗಾಡಿ ತೆಗೆದ. ಗಡಹಿಂಗ್ಲಜದ ಸರ್ಜನ್ ಎರಡು ಬೆರಳು ತೆಗೆದರು, ಪಾದ ಉಳಿಯಿತು. ಮುಂದಿನ ನಾಲ್ಕು ವಾರ ನನ್ನ ರಜೆಯ ದಿನ ನೂಲಕ್ಕೆ ಹೋಗಿ ಡ್ರೆಸ್ಸಿಂಗ್ ಮಾಡಿದೆ. ಕೊಂಡ ಕಡತವನ್ನು ಬದಿಗಿಟ್ಟು, ಕಂಡದ್ದನ್ನು ಕಂಡಂತೆ ಬರೆದು ಒಪ್ಪಿಸಿದೆ.

ಕೇಂದ್ರದ ಸಂಯೋಜಕರು ಕರೆಸಿದರು. "ಸಿಸ್ಟರ್, ಏವಢಂ ಖರಂ ಕಶಾಲಾ?" ಎಂದರು. ಇಷ್ಟೊಂದು ಖರೆ ಯಾಕೆ ಬೇಕಿತ್ತು ಎಂದು. ನನ್ನ ಬ್ಯಾಚಿನಲ್ಲೇ ಇನ್ನಿಬ್ಬರು, ಯಾರದೋ ಫೋಟೋ ಅಂಟಿಸಿ, ಇದೇ ಪದ್ಮವ್ವನನ್ನು ಬರೆದಿದ್ದರಂತೆ. ಅವರ ಪದ್ಮವ್ವನಿಗೆ ಹತ್ತೂ ಬೆರಳು ನೆಟ್ಟಗಿದ್ದವಂತೆ. ನಾನು ಅದಕ್ಕೆ ಹೊಂದುವಂತೆ ತಿದ್ದಬೇಕು, ಇಲ್ಲವೇ ಸಹಿ ಇಲ್ಲ, ಒಂದು ವರ್ಷ ಕೂರಬೇಕು. ಇನ್‌ಚಾರ್ಜ್ ಕುರ್ಚಿ ಎರಡು ತಿಂಗಳಲ್ಲಿ ಖಾಲಿಯಾಗುವುದಿತ್ತು. ಕೂತರೆ ಅದು ಹೋದಂತೆಯೇ.

ಕೊಂಡ ಕಡತವನ್ನು ಮೇಜಿನ ಮೇಲಿಟ್ಟು, ಮರಾಠಿಯಲ್ಲೇ ಹೇಳಿದ್ದನ್ನು ನಮ್ಮ ಮಾತಿಗಿಳಿಸಿದರೆ: "ಸರ್, ನಾನೂ ಇದನ್ನ ಕೊಂಡಾಕಿನ. ತಪ್ಪು ನಂದೂ ಐತಿ. ಆದರ ವಾಯ್ವಾ ಪರೀಕ್ಷೆ ದಿನ ಪದ್ಮವ್ವನ್ನ ಗಾಡಿ ಮಾಡಿ ಕರಕೊಂಡ ಬರ್ತೇನಿ. ಪರೀಕ್ಷಕರು ತಾವ ಬೆರಳ ಎಣಸ್ಲಿ."

ಅವರು ನಾನು ಬರೆದ ಫೋಲ್ಡರನ್ನೇ ಹತ್ತಿರ ಎಳೆದುಕೊಂಡರು. ಆಮೇಲೆ ಸಹಿ ಹಾಕಿದರು. ನನಗೆ ಬಿದ್ದದ್ದು ನೂರಕ್ಕೆ ಐವತ್ತೆಂಟು. ಹತ್ತು ಬೆರಳಿನವರಿಗೆ ಎಪ್ಪತ್ತರ ಮೇಲೆ. ಕುರ್ಚಿ ಸಿಕ್ಕಿತು. ಆ ಅಂಗಡಿ ಇನ್ನೂ ನಡೆಯುತ್ತಿದೆ. ನೂಲದ ಕಡತ ಇನ್ನೂ ಮಾರಾಟಕ್ಕಿರಬಹುದು.

ಓದಬೇಕೆನ್ನುವ ನರ್ಸುಗಳಿಗೆ ಹೇಳುವುದಿಷ್ಟು. ಆನ್‌ಲೈನ್ ಎಂದವರೆಲ್ಲರ ಪದವಿಗೆ ಮಾನ್ಯತೆ ಇರುವುದಿಲ್ಲ. ಹಣ ಕಟ್ಟುವ ಮೊದಲು ನೋಂದಣಿ ಆಗುತ್ತದೋ ಇಲ್ಲವೋ ಎಂದು ನರ್ಸಿಂಗ್ ಕೌನ್ಸಿಲ್‌ನಲ್ಲೇ ಕೇಳಿ. ಕುರ್ಚಿಯ ಮಾತನ್ನು ಬರೆಸಿಕೊಳ್ಳಿ. ಫೋಲ್ಡರಿಗೆ ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕುಟುಂಬ ಆರಿಸಿ, ಆಗ ತಪ್ಪಿಸಿಕೊಳ್ಳಲು ನೆಪ ಇರುವುದಿಲ್ಲ. ನರ್ಸಲ್ಲದ ಓದುಗರಿಗೂ ಒಂದು ಮಾತು: ಬಿಳಿ ಕೋಟು ಹಾಕಿಕೊಂಡು ಯಾರಾದರೂ ನಿಮ್ಮ ತಾಯಿಯ ಫೋಟೋ ತೆಗೆಯಲು ಬಂದರೆ, ಚಹಾ ಆಮೇಲೆ ಕೊಡಿ. ಮೊದಲು ಕಾಲು ನೋಡಲು ಹೇಳಿ.