ಸುಜಾತಳ ಕೈಗೆ ನರ ಸಿಕ್ಕ ಮಧ್ಯಾಹ್ನ

ಇಂಥ ಮಾತುಗಳನ್ನು ಬೇರೆಯವರು ಹೇಳುವಾಗ ನಾನು ಸೆರಗಿನ ಮರೆಯಲ್ಲಿ ನಕ್ಕವಳು. ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ಹಾಸ್ಟೆಲ್ಲಿನ ಹಿಂದೆ ಏನೋ ಕಂಡಿತೆಂದು ಯಾರಾದರೂ ಅಳುತ್ತ ಬಂದರೆ ಅವರು ಗದರುತ್ತಿರಲಿಲ್ಲ. ಕೈಗೊಂದು ಟಾರ್ಚು ಕೊಟ್ಟು, ಹೋಗಿ ಸರಿಯಾಗಿ ನೋಡಿ ಬಾ ಎನ್ನುತ್ತಿದ್ದರು. ಹೋದವರಿಗೆ ಒಣಗಲು ಹಾಕಿದ ಲಂಗವೋ, ಬೇಲಿಗೆ ಸಿಕ್ಕ ಚೀಲವೋ ಕಾಣುತ್ತಿತ್ತು. ಹಾಗೆ ಬೆಳೆದ ನನಗೆ, ಕೆಲವು ವರ್ಷಗಳ ಹಿಂದೆ ರಾಯಚೂರಿನ ನಮ್ಮ ಮನೆಯಲ್ಲಿ ಹಾಡಹಗಲೇ ನಡೆದದ್ದು ಮಾತ್ರ ಇನ್ನೂ ಬಿಡಿಸಲು ಬಂದಿಲ್ಲ. ಇದರಲ್ಲಿ ದೆವ್ವವಿಲ್ಲ, ಸತ್ತವರಿಲ್ಲ. ನೀವು ನಂಬಲೇಬೇಕು ಎಂಬ ಹಟವೂ ನನಗಿಲ್ಲ. ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಆಗ ನಮ್ಮ ಮಾಳಿಗೆಯ ಮೇಲಿನ ಕೋಣೆಯಲ್ಲಿ ಸುಜಾತಾ ಎಂಬ ಹುಡುಗಿ ಬಾಡಿಗೆಗಿದ್ದಳು. ದೇವದುರ್ಗ ತಾಲೂಕಿನ ಗಬ್ಬೂರಿನವಳು. ಅವರವ್ವ ಹೊಲದ ಕೂಲಿಗೆ ಹೋಗುವಾಕೆ. ಕೋಣೆಯಲ್ಲಿ ಒಂದು ಚಾಪೆ, ಪುಸ್ತಕಗಳು, ಕಿಟಕಿಯಲ್ಲಿ ಬುದ್ಧನ ಚಿಕ್ಕ ಪಟ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ, ಊರಿನ ಒಂದು ಖಾಸಗಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಂಟರ್ನ್‌ಶಿಪ್‌ಗೆ ಸೇರಿದ್ದಳು. ಓದಿನಲ್ಲಿ ಮುಂದು. ರಕ್ತದ ಕಣಗಳು ಹೇಗಿರುತ್ತವೆ ಎಂದು ನನಗೆ ಅಕ್ಕಿಹಿಟ್ಟಿನ ಮೇಲೆ ಬೆರಳಿನಿಂದ ಬರೆದು ತೋರಿಸಿದ್ದಳು. ಆದರೆ ಸೂಜಿ ಹಿಡಿದು, ಎದುರಿಗೆ ಜೀವಂತ ಮನುಷ್ಯ ಕೂತರೆ ಅದೇ ಬೆರಳುಗಳು ನಡುಗುತ್ತಿದ್ದವು. ನರ ಸಿಗುತ್ತಿರಲಿಲ್ಲ.

ಅಲ್ಲಿ ಕೆಲಸ ಕಲಿಸುತ್ತಿದ್ದವರು ಖಾದರ್ ಭಾಯಿ ಎಂಬ ಹಿರಿಯ ಟೆಕ್ನಿಷಿಯನ್. ಕೆಟ್ಟವರಲ್ಲ, ನಾಲಗೆ ಮಾತ್ರ ಸೂಜಿಗಿಂತ ಚೂಪು. "ಜನ ರಕ್ತ ಕೊಡಾಕ ಬಂದಾರ ಬೇ, ಕಸೂತಿ ಹಾಕಿಸ್ಕೊಳ್ಳಾಕ ಅಲ್ಲ" ಎಂದು ರೋಗಿಗಳ ಎದುರೇ ಅಂದಿದ್ದರಂತೆ. ಅದನ್ನು ನನಗೆ ಹೇಳುತ್ತ ಸುಜಾತಾ ನಕ್ಕಳು. ನಗು ಮುಗಿಯುವಷ್ಟರಲ್ಲಿ ಕಣ್ಣು ತುಂಬಿತ್ತು.

ಲ್ಯಾಬಿನವರು ಮಾನ್ವಿಯಲ್ಲಿ ರಕ್ತ ಸಂಗ್ರಹದ ಕೇಂದ್ರ ತೆರೆಯುವವರಿದ್ದರು. ಇಂಟರ್ನ್‌ಗಳಲ್ಲಿ ಒಬ್ಬರಿಗೆ ಅಲ್ಲಿ ಕೆಲಸ. ಸಹಾಯಕ್ಕೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಬಂದವರ ನರವನ್ನು ಒಬ್ಬಳೇ ಹುಡುಕಿಕೊಳ್ಳಬೇಕು. ದೇವದುರ್ಗದಲ್ಲಿ ಆರೋಗ್ಯ ಶಿಬಿರವಿದೆ, ಅಲ್ಲಿ ಕೈ ಕೂತರೆ ಸರಿ, ಇಲ್ಲವಾದರೆ ಮಾನ್ವಿಗೆ ಬೇರೆಯವರನ್ನು ಕಳಿಸುತ್ತೇನೆ ಎಂದು ಖಾದರ್ ಭಾಯಿ ಹೇಳಿಬಿಟ್ಟಿದ್ದರು. ಕೆಲಸ ತಪ್ಪಿದರೆ ಗಬ್ಬೂರಿಗೆ ಹೋಗಿ ಅವ್ವನ ಜೊತೆ ಹತ್ತಿ ಬಿಡಿಸುವುದು, ಹಿಂದೆಯೇ ಮದುವೆಯ ಮಾತು. "ಓದಿದ್ದೆಲ್ಲಾ ತಲ್ಯಾಗ ಅದ ಅಕ್ಕಾರ, ಬೆರಳಿಗೆ ಇಳಿವಲ್ದು" ಎಂದಳು.

ನಾನು ಅಡುಗೆಮನೆಯಲ್ಲೇ ಕೈ ಮುಂದೆ ಮಾಡಿ, ಚುಚ್ಚು ಎಂದೆ. ಒಪ್ಪಲಿಲ್ಲ. ಲ್ಯಾಬಿನ ಹೊರಗೆ ಯಾರಿಗೂ ಸೂಜಿ ಹಾಕಬಾರದು, ಮನೆಗೆ ತರಲೂಬಾರದು. ಆ ವಿಷಯದಲ್ಲಿ ಬಲು ಕಟ್ಟುನಿಟ್ಟು. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ, ಕಣ್ಣು ಮುಚ್ಚಿ, ಬರಿ ಬೆರಳಿನಿಂದ ನನ್ನ ಮೊಣಕೈ ಮಡಿಕೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನರವನ್ನು ಕಣ್ಣಿನಿಂದ ಹುಡುಕಬಾರದಂತೆ. ಒತ್ತಿದರೆ ಮೆಲ್ಲಗೆ ಎದುರು ಒತ್ತುವುದೇ ನರವಂತೆ. ಹೀಗೆ ಹಲವು ಸಂಜೆ ಅವಳು ಹುಡುಕುತ್ತಿದ್ದಳು, ನಾನು ಇನ್ನೊಂದು ಕೈಯಲ್ಲಿ ಸಾರು ತಿರುವುತ್ತಿದ್ದೆ.

ಶಿಬಿರದ ಹಿಂದಿನ ದಿನ ಅವಳ ಬಿಳಿ ಕೋಟಿಗೆ ನಾನೇ ಇಸ್ತ್ರಿ ಮಾಡಿಕೊಟ್ಟೆ. ಗುಂಡಿಗಳೆಲ್ಲ ಸರಿಯಾಗಿದ್ದವು. ಬೆಳಿಗ್ಗೆ ಲ್ಯಾಬಿನ ಜೀಪು ಬಂತು; ಹಸಿರು ಚೂಡಿದಾರ ತೊಟ್ಟು, ಕೋಟು ಮಡಚಿ ಚೀಲದಲ್ಲಿಟ್ಟುಕೊಂಡು ಹೊರಟಳು. ಬಾಗಿಲವರೆಗೆ ಹೋದವಳು ಒಮ್ಮೆ ತಿರುಗಿ ನೋಡಿದಳು.

ಬೇಸಿಗೆಯ ಮಧ್ಯಾಹ್ನ. ಊಟ ಮುಗಿಸಿ ಕೂಲರ್ ಹಚ್ಚಿ ಮಂಚದ ಮೇಲೆ ಅಡ್ಡಾಗಿದ್ದೆ. ನಿದ್ದೆ ಬಂದಿರಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಕೂಲರಿನಲ್ಲಿ ನೀರು ಮುಗಿಯುತ್ತ ಬಂದಾಗ ಒಂದು ಗೊರಗೊರ ಸದ್ದು ಬರುತ್ತದಲ್ಲ, ಅದು ಕೇಳಿ, ಎದ್ದು ತುಂಬಬೇಕು ಎಂದುಕೊಳ್ಳುತ್ತಿದ್ದೆ. ಸುಜಾತಾ ಒಳಗೆ ಬಂದಳು. ಅದೇ ಹಸಿರು ಚೂಡಿದಾರ, ಮೇಲೆ ಬಿಳಿ ಕೋಟು. ಕೋಟಿನ ಒಂದು ಗುಂಡಿ ಕಿತ್ತು, ಆ ಜಾಗದಲ್ಲಿ ಪಿನ್ನು ಹಾಕಿತ್ತು. ಇಷ್ಟು ಬೇಗ ಶಿಬಿರ ಮುಗಿಯಿತೇ ಎಂದು ಕೇಳಿದೆ. ಮುಖದಲ್ಲಿ ದುಃಖವಿರಲಿಲ್ಲ. ಬಾಯಿಲೆಕ್ಕ ಮಾಡುವ ಮಕ್ಕಳ ಹಾಗೆ ಒಳಗೊಳಗೇ ಇದ್ದಳು. ಮಂಚದ ಅಂಚಿಗೆ ಕೂತು, ನನ್ನ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದು, ರೊಟ್ಟಿಯ ಹಿಟ್ಟು ನಾದಿದಂತೆ ಮೆತ್ತಗೆ ಉಜ್ಜಿ ಬೆಚ್ಚಗೆ ಮಾಡಿದಳು. ಹಾಗೆ ಅವಳು ಹಿಂದೆಂದೂ ಮಾಡಿರಲಿಲ್ಲ. ಸ್ಪಿರಿಟ್ಟಿನ ವಾಸನೆ ಬಂತು. ಸೂಜಿ ಒಳಗೆ ಹೋದದ್ದನ್ನು ಕಂಡೆ. ನೋಯಲಿಲ್ಲ. ಬೆರಳು ಒಂದಿಷ್ಟೂ ನಡುಗಲಿಲ್ಲ. ಹತ್ತಿ ಇಟ್ಟು, ಕೈ ಮಡಚಿಸಿ, ಎದ್ದು ಹೋದಳು.

ಶಿಬಿರದಲ್ಲಿ ಸೋತು ಬಂದಿದ್ದಾಳೆ, ಅದಕ್ಕೇ ನಿಯಮ ಮುರಿದಳು ಎಂದುಕೊಂಡೆ. ಅಳುವುದಿದ್ದರೆ ಒಬ್ಬಳೇ ಅತ್ತುಕೊಳ್ಳಲಿ ಎಂದು ಕೂಗಲಿಲ್ಲ. ಕೂಲರಿಗೆ ನೀರು ತುಂಬಿ, ಚಹಾ ಮಾಡಿ, ಮೇಲೆ ಹೋದೆ. ಕೋಣೆಗೆ ಹೊರಗಿನಿಂದ ಬೀಗ. ಬೀಗ ಬಿಸಿಲಿಗೆ ಕಾದಿತ್ತು.

ಸಂಜೆ ಜೀಪು ಬಂತು. ಮೈಯೆಲ್ಲ ಧೂಳಾದ ಸುಜಾತಾ ಇಳಿದಳು, ಹಿಂದೆ ಖಾದರ್ ಭಾಯಿ. ನೀರು ಕುಡಿಯಲು ಒಳಗೆ ಬಂದವರು ತಾವಾಗಿಯೇ ಹೇಳತೊಡಗಿದರು. ಊಟದ ಹೊತ್ತಿನವರೆಗೂ ಇವಳು ಬರೀ ತಪ್ಪಿಸಿದ್ದಳಂತೆ. ಹೋಗಿ ಹೆಸರು ಬರೆದುಕೊ, ಸೂಜಿ ಮುಟ್ಟಬೇಡ, ಮಾನ್ವಿಯ ಆಸೆ ಬಿಡು ಎಂದು ತಾವೇ ಎಬ್ಬಿಸಿದ್ದರಂತೆ. ಊಟವಾದ ಮೇಲೆ ಒಬ್ಬ ಮುದುಕಿ ಬಂದಳಂತೆ. "ಆಕಿ ಕೈಯಾಗ ನನಗೇ ನರ ಸಿಗಲಿಲ್ರಿ ಬಾಯಾರ. ಈ ಹುಡುಗಿ ಬಂದು ಮುದುಕಿ ಕೈ ಹಿಡದು, ಉಜ್ಜಿ ಬಿಸಿ ಮಾಡಿ, ಒಂದೇ ಸಲಕ್ಕ ತಗದಳು. ಆಮ್ಯಾಲ ಒಂದೂ ತಪ್ಪಿಲ್ಲ." ಸುಜಾತಳ ಕಡೆ ತಿರುಗಿ ಕೇಳಿದರು: "ಅದು ನಾ ಕಲಿಸಿದ್ದಲ್ಲ. ಯಾರ ಕಲಿಸಿದ್ರು ಬೇ ನಿನಗ?"

"ಯಾರೂ ಇಲ್ರಿ" ಎಂದಳು ಸುಜಾತಾ. "ಉಂಡು ಬೇವಿನ ಗಿಡದ ಕೆಳಗ ಕುಂತಿದ್ದೆ. ಅಳು ಬರಾಕತ್ತಿತ್ತು. ಅಕ್ಕಾರ ಕೈ ನೆನಸ್ಕೊಂಡು ಕಣ್ಣು ಮುಚ್ಚಿದ್ದೆ. ಅಷ್ಟ ನೆನಪದ."

ನಾನು ಅವಳ ಕೋಟು ನೋಡುತ್ತಿದ್ದೆ. ಪಿನ್ನು ಅಲ್ಲೇ ಇತ್ತು. ಗುಂಡಿ ಎಲ್ಲಿ ಹೋಯಿತು ಎಂದು ಕೇಳಿದೆ. ಹೋಗುವಾಗ ಗಬ್ಬೂರಿನಲ್ಲಿ ಅವ್ವ ರೊಟ್ಟಿ ಗಂಟು ಹಿಡಿದು ರಸ್ತೆಗೆ ಬಂದಿದ್ದಳಂತೆ. ಮಗಳು ಕೋಟು ಹಾಕಿಕೊಂಡಿದ್ದನ್ನು ನೋಡಬೇಕು ಎಂದಳಂತೆ. ಅವಸರದಲ್ಲಿ ಗುಂಡಿ ಕಿತ್ತು ಬಂತು. ಅವ್ವ ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಹಾಕಿದಳು.

ರಾತ್ರಿ ನನ್ನ ಯಜಮಾನರು ನನ್ನ ಕೈ ಮೇಲಿನ ಕೆಂಪು ಚುಕ್ಕೆ ನೋಡಿ, ಸೊಳ್ಳಿ ಕಡಿದಿರಬೇಕು ಎಂದರು. "ಸೊಳ್ಳಿ ಕಡದು ಹತ್ತಿ ಒತ್ತಿ ಹೋಗತದೇನ್ರಿ?" ಎಂದೆ. ರಕ್ತ ಅಂಟಿದ ಹತ್ತಿಯ ಉಂಡೆ ತೋರಿಸಿದೆ. ಅವರು ಅದನ್ನು ಕನ್ನಡಕ ಹಾಕಿಕೊಂಡು ನೋಡಿ, ಊಟಕ್ಕೆ ಏನಿದೆ ಎಂದು ಕೇಳಿದರು.

ಸುಜಾತಳಿಗೆ ನಾನು ಹೇಳಲಿಲ್ಲ. ತನ್ನ ಕೈ ತಾನೇ ಕಲಿಯಿತು ಎಂಬ ಧೈರ್ಯ ಆಗಷ್ಟೇ ಹುಟ್ಟಿತ್ತು. ಅದರ ಬುಡವನ್ನು ನಾನು ಕೆದಕಲಾರೆ. ಮಾನ್ವಿಯ ಕೆಲಸ ಅವಳಿಗೇ ಆಯಿತು. ಈಗ ಹಿರೇಕೊಟ್ನೆಕಲ್, ಬಾಗಲವಾಡದ ಕಡೆಯವರು, ಆ ಹುಡುಗಿ ಇದ್ದರಷ್ಟೇ ಕೈ ಕೊಡುತ್ತೇವೆ ಎನ್ನುತ್ತಾರಂತೆ. ಇನ್ನು ನಾನೇನು ಬರೆದರೂ ಆ ಕೈ ನಡುಗದು.

ಈ ವರ್ಷ ನನಗೇ ಶುಗರ್ ನೋಡಿಸಬೇಕಾಯಿತು. ಮನೆಯ ಹತ್ತಿರ ಲ್ಯಾಬುಗಳಿದ್ದರೂ ಬಸ್ ಹತ್ತಿ ಮಾನ್ವಿಗೆ ಹೋದೆ. ಸುಜಾತಾ ದಪ್ಪಗಾಗಿದ್ದಳು, ಬಿರುಸಾಗಿದ್ದಳು. ಪಕ್ಕದಲ್ಲಿ ಹೊಸ ಇಂಟರ್ನ್, ರೇಷ್ಮಾ ಎಂದು. "ಇಕಿ ಕೈ ಇನ್ನೂ ಕುಂತಿಲ್ಲ ಅಕ್ಕಾರ. ಬ್ಯಾಡ ಅಂದ್ರ ನಾನೇ ತಗೋತೀನಿ" ಎಂದಳು. ಇರಲಿ, ಅವಳೇ ತೆಗೆಯಲಿ ಎಂದೆ. ರೇಷ್ಮಾ ಒಮ್ಮೆ ತಪ್ಪಿಸಿದಳು, ಮತ್ತೊಮ್ಮೆ ತಪ್ಪಿಸಿದಳು. ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು. ಅವಳ ಮೂಗಿನ ಮೇಲೆ ಬೆವರು. ಕೊನೆಗೆ ಸುಜಾತಳೇ ತೆಗೆದುಕೊಂಡಳು.

ಊರಿಗೆ ಬಂದ ಮೇಲೆ ಎಷ್ಟೋ ದಿನ ಮಧ್ಯಾಹ್ನ ಬಾಗಿಲಿಗೆ ಅಗಳಿ ಹಾಕದೆ ಅಡ್ಡಾದೆ. ಕೈಯನ್ನು ಮಂಚದ ಅಂಚಿಗೆ ಚಾಚಿಕೊಂಡೇ ಇರುತ್ತಿದ್ದೆ. ಯಾರೂ ಬರಲಿಲ್ಲ. ಫೋನು ಮಾಡಿ ಕೇಳಿದರೆ, ರೇಷ್ಮಾ ಚುಚ್ಚಿ, ತಪ್ಪಿಸಿ, ಬೈಸಿಕೊಂಡು, ಎಲ್ಲರ ಹಾಗೆ ನಿಧಾನಕ್ಕೆ ಕಲಿಯುತ್ತಿದ್ದಾಳಂತೆ. ಕಲಿಯುವುದು ಹಾಗೆಯೇ ಎಂದರೆ ಒಪ್ಪುತ್ತೇನೆ. ಹಾಗಿದ್ದರೆ ಆ ಮಧ್ಯಾಹ್ನ ನನ್ನ ಮಂಚದ ಅಂಚಿಗೆ ಕೂತು ಕಲಿತು ಹೋದದ್ದು ಯಾರು?