ಖಾಲಿ ಟ್ಯಾಂಕಿನಿಂದ ಬಂದ ಒಂದು ಲೋಟ ನೀರು

ಇಂಥದ್ದನ್ನು ಯಾರಾದರೂ ಹೇಳಲು ಬಂದರೆ, 'ಹೋಗ್ಲಾ, ಕತೆ ಕಟ್ಬೇಡ' ಅಂತ ಎಬ್ಬಿಸಿ ಕಳಿಸುತ್ತಿದ್ದವನು ನಾನು. ಮದ್ದೂರಿನಲ್ಲಿ ಮೂವತ್ತು ವರ್ಷ ಪಂಪ್‌ಸೆಟ್ಟಿನ ಮೋಟರು ರಿಪೇರಿ ಮಾಡಿದ್ದೇನೆ. ನೀರು ಇದ್ದರೆ ಬರುತ್ತದೆ, ಇಲ್ಲದಿದ್ದರೆ ಬರುವುದಿಲ್ಲ, ನನಗೆ ಗೊತ್ತಿದ್ದದ್ದು ಅಷ್ಟೆ. 'ನಮ್ ಬೋರಿಗೆ ಯಾರೋ ಮಾಟ ಮಾಡ್ಸವ್ರೆ' ಅಂದವರಿಗೆ ಮೋಟರಿನೊಳಗಿನ ಸುಟ್ಟ ತಂತಿಯ ಕಾಯಿಲನ್ನು ಮುಖಕ್ಕೆ ಹಿಡಿದು ತೋರಿಸುತ್ತಿದ್ದೆ. ಈಗ ನಾನು ಹೇಳುವುದನ್ನೂ ನೀವು ನಂಬಲೇಬೇಕು ಅಂತ ಕೇಳುವುದಿಲ್ಲ.

ನನ್ನ ಹೆಂಡತಿ ಸಣ್ಣಮ್ಮ ಅಂಗಡಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಮಾತಾಡುತ್ತ ಹೂ ಕಟ್ಟುವವರಂತೆ, ಕೈ ನೋಡದೆಯೇ ಸುತ್ತುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಅವಳ ಹೊಟ್ಟೆಯಲ್ಲಿ ಗೆಡ್ಡೆ ಎದ್ದಿತು. ಡಾಕ್ಟರು ಎಲ್ಲ ಮಾಡಿ, ಇನ್ನು ಮನೆಗೆ ಕರಕೊಂಡು ಹೋಗಿ ಅಂದರು. ಅವಳು ಅಳಲಿಲ್ಲ. 'ನಾನು ಸುತ್ತಿದ್ ಮೋಟ್ರು ಎಲ್ಲೆಲ್ಲಿ ನೀರು ಉಯ್ತಾವೋ ಒಂದ್ಸಲ ನೋಡ್ಬೇಕು ಕಣಿ' ಅಂದಳು. ಅಂಗಡಿ ಬಿಟ್ಟು ಎಲ್ಲಿಗೂ ಹೋದವಳಲ್ಲ. ನಾನೂ ಕರಕೊಂಡು ಹೋಗಿರಲಿಲ್ಲ.

ಪಕ್ಕದ ವೆಲ್ಡಿಂಗ್ ಅಂಗಡಿಯ ಅಫ್ರೋಜ್ ನನ್ನ ಗೆಳೆಯ. ಅವನೂ ನಾನೂ ಸೇರಿ ಹಳೇ ಟ್ರೈಲರಿನ ಮೇಲೆ ಒಂದು ಪುಟ್ಟ ಮನೆ ಕಟ್ಟಿದೆವು. ಒಂದು ಮಂಚ, ಒಂದು ಕೊಳಾಯಿ, ಒಂದು ಬಚ್ಚಲು. ಮಂಚದ ಕೆಳಗೆ ನೂರು ಲೀಟರಿನ ಟ್ಯಾಂಕು, ಬ್ಯಾಟರಿಯಲ್ಲಿ ಓಡುವ ಸಣ್ಣ ಪಂಪು. ಅದನ್ನು ಎಳೆಯಲು ಅಫ್ರೋಜನ ಜೀಪು.

ಮೊದಲು ಕೆರಗೋಡಿಗೆ ಹೋದೆವು. ನಮಗೆ ಗೊತ್ತಿದ್ದ ರೈತನೊಬ್ಬನ ಪಂಪ್‌ಸೆಟ್ಟಿನ ಪಕ್ಕ ಗಾಡಿ ನಿಲ್ಲಿಸಿದೆವು. ಮೋಟರು ಹಾಕಿದ ಕೂಡಲೇ ನೀರು ಬಂದು ತೊಟ್ಟಿಗೆ ಧುಮುಕಿತು. ಸಣ್ಣಮ್ಮ ಕಾಲು ಇಳಿಬಿಟ್ಟು ಕೂತು ನಕ್ಕಳು. 'ಟ್ಯಾಂಕ್ ತುಂಬುಸ್ಕೊ ಬುಡಣ್ಣ, ಅಕ್ಕ ಸುತ್ತಿದ್ ಮೋಟ್ರಲ್ವ' ಅಂದ ರೈತ. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ಆಮೇಲೆ ಕಾಣಲಿಲ್ಲ.

ಅಲ್ಲಿಂದ ದುದ್ದಕ್ಕೆ ಹೋಗುವಾಗ ಟ್ಯಾಂಕಿನಲ್ಲಿ ಅರ್ಧ ನೀರಿತ್ತು. ನಾಲೆ ಏರಿಯ ಮೇಲೆ ಜೀಪು ತಿರುಗಿದಾಗ ಆ ನೀರು ಒಂದು ಕಡೆಗೆ ನುಗ್ಗಿ ಗಾಡಿ ವಾಲಿಬಿಟ್ಟಿತು. ಸಣ್ಣಮ್ಮ ಮಂಚದಿಂದ ಬಿದ್ದಳು. ಅವತ್ತೇ ನಿಯಮ ಮಾಡಿದೆ: ಒಂದು ಜಾಗ ಬಿಟ್ಟು ಇನ್ನೊಂದಕ್ಕೆ ಹೊರಟರೆ ಟ್ಯಾಂಕಿನಲ್ಲಿ ಒಂದು ಹನಿಯೂ ಇರಕೂಡದು. ಕೆಳಗಿನ ತಿರುಪು ತೆಗೆದು ನೀರನ್ನು ಯಾವುದಾದರೂ ತೆಂಗಿನ ಬುಡಕ್ಕೆ ಬಿಡುವುದು, ಕೊಳಾಯಿ ತಿರುಗಿಸಿ ಪೈಪಿನಲ್ಲಿದ್ದದ್ದನ್ನೂ ಹೊರಗೆ ಹಾಕುವುದು, ಪಂಪಿನ ಸ್ವಿಚ್ಚು ಆರಿಸುವುದು.

ಆತಗೂರಿನಿಂದ ಮಳವಳ್ಳಿ ಕಡೆಗೆ ಹೊರಟ ಬೆಳಿಗ್ಗೆಯೂ ಹಾಗೇ ಮಾಡುತ್ತಿದ್ದೆ. ಅವಳು ಮಲಗಿದ್ದಲ್ಲಿಂದಲೇ, 'ಒಂದು ಚೊಂಬಾದ್ರೂ ಇರ್ಲಿ ಬುಡಿ, ಬಾಯಿ ಒಣಗ್ತದೆ' ಅಂದಳು.

'ಜೀಪಲ್ಲಿ ಕ್ಯಾನೇ ಐತೆ, ಸುಮ್ನೆ ಮಲಿಕ್ಕೊ' ಅಂತ ಗದರಿದೆ. ಆ ಕ್ಯಾನನ್ನು ಎತ್ತಿ ಇತ್ತ ಇಟ್ಟುಕೊಳ್ಳಬೇಕು ಅಂತ ಮಾತ್ರ ನನ್ನ ದರಿದ್ರ ತಲೆಗೆ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ, ಕಬ್ಬಿನ ಗದ್ದೆಗಳ ನಡುವಿನ ಒಂದು ಅಡ್ಡರಸ್ತೆಯಲ್ಲಿ ಗಾಡಿಯ ಚಕ್ರದ ಬೇರಿಂಗು ಹಿಡಿದುಕೊಂಡಿತು. ಅಫ್ರೋಜ್ ಗಾಡಿಯಿಂದ ಜೀಪು ಬಿಚ್ಚಿ, ಕೆಟ್ಟ ಚಕ್ರವನ್ನು ಕಳಚಿ ಅದರಲ್ಲಿ ಹಾಕಿಕೊಂಡು, 'ಇಗೋ ಬಂದೆ' ಅಂತ ಮಳವಳ್ಳಿಗೆ ಹೋದ. ಅವನು ಹೋದ ಮೇಲೆ ನೆನಪಾಯಿತು, ನೀರಿನ ಕ್ಯಾನು ಜೀಪಿನಲ್ಲೇ ಹೋಯಿತು ಅಂತ. ಫೋನು ಮಾಡಿದರೆ ಅವನು ಆಗಲೇ ಮಳವಳ್ಳಿಯ ಅಂಗಡಿಯಲ್ಲಿ ಬೇರಿಂಗು ಬಿಚ್ಚಿಸುತ್ತಿದ್ದ.

ಅಷ್ಟರಲ್ಲಿ ಅವಳ ಉಸಿರು ಬದಲಾಗಿತ್ತು. ತುಟಿ ಸಿಪ್ಪೆ ಎದ್ದಿತ್ತು. 'ನೀರು' ಅಂದಳು. ನಾಲೆಗೆ ಆಗ ನೀರು ಬಿಟ್ಟಿರಲಿಲ್ಲ. ಅತ್ತ ಒಂದು ಪಂಪ್‌ಹೌಸು ಕಂಡಿತು, ಬೀಗ ಹಾಕಿತ್ತು. ಊರು ಹುಡುಕಿಕೊಂಡು ಓಡೋಣವೆಂದರೆ ಅವಳನ್ನು ಒಬ್ಬಳನ್ನೇ ಬಿಡಬೇಕು. ಸಾಯುವವರ ಬಾಯಿಗೆ ನೀರು ಬಿಡದವರು ಯಾರಿದ್ದಾರೆ? ಊರ ಹೊಲಕ್ಕೆಲ್ಲ ನೀರು ಹರಿಸಿದವಳಿಗೆ ಒಂದು ಗುಟುಕಿಲ್ಲದ ಹಾಗೆ ನಾನೇ ಮಾಡಿದ್ದೆ. ತಲೆ ತಲೆ ಚಚ್ಚಿಕೊಂಡೆ.

'ಕೊಳಾಯಿ ತಿರುಗ್ಸಿ' ಅಂದಳು.

'ಇಲ್ಲ ಕಣೇ, ಬೆಳಿಗ್ಗೆ ನಾನೇ ಎಲ್ಲ ಬುಟ್ಟೆ.'

'ತಿರುಗ್ಸಿ.'

ಅವಳ ಸಮಾಧಾನಕ್ಕೆ ಲೋಟ ಹಿಡಿದು ತಿರುಗಿಸಿದೆ. ನೀರು ಬಂತು. ಪಂಪಿನ ಸದ್ದಿಲ್ಲ, ಸ್ವಿಚ್ಚು ಆರಿಸಿಯೇ ಇತ್ತು. ಸಣ್ಣಗೆ, ನೂಲಿನಂತೆ ಬಂದು ಲೋಟ ತುಂಬಿದ ಮೇಲೆ ನಿಂತಿತು. ಆ ಬಿಸಿಲಿನಲ್ಲಿ ಗಾಡಿಯ ತಗಡು ಸುಡುತ್ತಿತ್ತು, ನೀರು ಮಾತ್ರ ಬಾವಿಯಿಂದ ಸೇದಿದಷ್ಟು ತಣ್ಣಗಿತ್ತು. ತಲೆ ಎತ್ತಿ ಹಿಡಿದು ಕುಡಿಸಿದೆ. ಮೂರು ಗುಟುಕು ಕುಡಿದಳು. 'ಸಾಕು. ಇಲ್ಲೇ ಕೂತ್ಕಳಿ' ಅಂತ ಪಕ್ಕದ ಹಾಸಿಗೆಯನ್ನು ಕೈಯಲ್ಲಿ ತಟ್ಟಿದಳು.

'ತಡಿ, ಬಂದೆ' ಅಂದೆ.

ಮೂವತ್ತು ವರ್ಷದ ಚಾಳಿ ಸ್ವಾಮಿ, ಕೂರಲು ಬಿಡಲಿಲ್ಲ. ಎಲ್ಲಿಂದ ಬಂತು ಅಂತ ನೋಡಲೇಬೇಕಿತ್ತು. ಸ್ಪ್ಯಾನರು ಹಿಡಿದು ಗಾಡಿಯ ಕೆಳಗೆ ಅಂಗಾತ ಮಲಗಿದೆ. ತಿರುಪು ಬೆಳಿಗ್ಗೆ ತೆಗೆದ ಹಾಗೇ ಇತ್ತು. ತೂತಿಗೆ ಬೆರಳು ಹಾಕಿದರೆ ರಸ್ತೆಯ ದೂಳು ಅಂಟಿತು. ಪಂಪಿನ ಪೈಪು ಬಿಚ್ಚಿದೆ, ಒಣಗಿತ್ತು. ಹೊರಗಿನ ಮುಚ್ಚಳ ತೆಗೆದು ಟ್ಯಾಂಕಿನೊಳಗೆ ಕೈ ಆಡಿಸಿದೆ, ಅಲ್ಲೂ ಪಸೆಯಿಲ್ಲ. ಹತ್ತು ನಿಮಿಷವೋ, ಕಾಲು ಗಂಟೆಯೋ. 'ಲೇ ಸಣ್ಣಿ, ಒಂದ್ ತೊಟ್ಟೂ ಇಲ್ಲ ಕಣೇ ಒಳಗೆ' ಅಂತ ಕೂಗಿಕೊಂಡೇ ಮೇಲೆ ಹತ್ತಿದೆ.

ಅವಳು ಹೋಗಿದ್ದಳು. ಕೈ ಇನ್ನೂ ಪಕ್ಕದ ಹಾಸಿಗೆಯ ಮೇಲೇ ಇತ್ತು.

ಪೈಪಿನಲ್ಲಿ ಉಳಿದದ್ದು ಬಂದಿರಬೇಕು ಅಂತ ಕೆಲವರು ಹೇಳಿದರು. ಆ ಪೈಪು ನಾಲ್ಕೇ ಚಮಚ ನೀರು ಹಿಡಿಯುತ್ತದೆ, ಅಳೆದು ನೋಡಿದ್ದೇನೆ. ಆಮೇಲೆ ಎಷ್ಟೋ ಸಲ ಟ್ಯಾಂಕು ಖಾಲಿ ಮಾಡಿ ಕೊಳಾಯಿ ತಿರುಗಿಸಿದ್ದೇನೆ. ಗಾಳಿಯೂ ಬಂದಿಲ್ಲ. ಕೇಳಿದವರಿಗೆಲ್ಲ ಇಷ್ಟನ್ನು ಹೇಳುತ್ತೇನೆ, ಅವರೂ ಬೆರಗಾಗಿ ನೀರಿನ ಬಗ್ಗೆಯೇ ಕೇಳುತ್ತಾರೆ. ಅಫ್ರೋಜ್ ಒಬ್ಬನೇ ಬೇರೆ ಕೇಳಿದ್ದು: 'ಕೊನೇಲಿ ಅಕ್ಕ ನಿನ್ನ ಕರೆದ್ರೇನಣ್ಣ?'

ಕರೆದಳೋ ಇಲ್ಲವೋ ನನಗೆ ಗೊತ್ತಿಲ್ಲ. ಸ್ಪ್ಯಾನರಿನ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ.