ಮೂರು ದಿನಾ ಏನ್ ಉಂಡಿ?

ಸ್ಪಿರಿಟ್ ಮುಟ್ಟಿ ಮುಟ್ಟಿ ಅವರ ತೋರುಬೆರಳ ತುದಿ ಬಿಳಚಿಕೊಂಡು ಸುಕ್ಕಾಗಿತ್ತು. ಆ ಬೆರಳಿನಿಂದಲೇ ನರ ಹುಡುಕುತ್ತಿದ್ದರು. ಸಿಕಂದರಾಬಾದಿನ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದ ಅವರು ಬಾಗಲಕೋಟೆ ಕಡೆಯವರು. ಮಿಕ್ಕವರೊಡನೆ ತೆಲುಗು, ಹಿಂದಿ. ನನ್ನೊಡನೆ ಮಾತ್ರ ಕನ್ನಡ. ನಾನು ಕಾಕಾ ಎನ್ನುತ್ತಿದ್ದೆ.

ನಮ್ಮವ್ವ ಸಕ್ಕರೆ ಕಾಯಿಲೆಗೆ ಮೊದಲು ಕಾಲು ಕಳೆದುಕೊಂಡಳು, ಆಮೇಲೆ ಜೀವ. ನನ್ನ ಸಕ್ಕರೆಯೂ ಗಡಿಗೆ ಬಂದಾಗ, ಗ್ಲೂಕೋಸ್ ಕುಡಿಸಿ ಎರಡು ತಾಸು ಕೂರಿಸಿ, ಸಕ್ಕರೆ, ಇನ್ಸುಲಿನ್ ಎರಡನ್ನೂ ನೋಡುವ ಪರೀಕ್ಷೆಯನ್ನು ಡಾಕ್ಟರು ಬರೆದರು. ರಬ್ಬರ್ ಪಟ್ಟಿ ಕಟ್ಟುತ್ತಾ ಕಾಕಾ ಕೇಳಿದರು, “ಯವ್ವಾ, ಮೂರು ದಿನಾ ಏನ್ ಉಂಡಿ?”

“ಬರೀ ಮಜ್ಜಿಗಿ, ಸೌತಿಕಾಯಿ!” ಎಂದೆ. ಭೇಷ್ ಅನ್ನುತ್ತಾರೆಂದುಕೊಂಡಿದ್ದೆ.

ಅವರು ಪಟ್ಟಿ ಬಿಚ್ಚಿಬಿಟ್ಟರು. “ಪಾಸಾಗಾಕ ಬಂದೀಯೋ, ತಿಳ್ಕೊಳ್ಳಾಕ ಬಂದೀಯೋ? ಹಿಂಗ ಅರೆಹೊಟ್ಟಿ ಇದ್ರ ಲೆಕ್ಕ ತಪ್ಪತೈತಿ. ಮೂರು ದಿನಾ ದಿನದಂಗ ಉಂಡು ಬಾ.”

ಮೈಯೆಲ್ಲ ಉರಿದುಹೋಯಿತು. ರಜೆ ಹಾಕಿ, ಹಸಿದುಕೊಂಡು ಊರಿನ ಆ ತುದಿಯ ಕೊಂಡಾಪುರದಿಂದ ಬಂದಿದ್ದೆ! ಆದರೂ ಮೂರು ದಿನ ಉಂಡು ಮತ್ತೆ ಹೋದೆ. ಕೂತಲ್ಲಿ ಕೂರುವ ಪೈಕಿಯಲ್ಲ ನಾನು. ಗ್ಲೂಕೋಸ್ ಕುಡಿದ ಮೇಲಿನ ಆ ಎರಡು ತಾಸಿನಲ್ಲಿ ಚಪ್ಪಲಿ ಬಿಟ್ಟೆ, ಹಾಕಿದೆ, ಎರಡು ಸಲ ಬಾಗಿಲಿಗೆ ಹೋದೆ. “ಕುಂದರ ಸುಮ್ನ,” ಎಂದು ಎರಡು ಸಲವೂ ಗದರಿಸಿದರು.

ಮರುವರ್ಷ ಅದೇ ಪರೀಕ್ಷೆ ಮಾಡಿದಾಗ ಸಕ್ಕರೆ ಏರಿತ್ತು, ಇನ್ಸುಲಿನ್ ಇಳಿದಿತ್ತು. ಡಾಕ್ಟರು ಹೇಳಿದ್ದು ತಲೆಗೆ ಹೋಗದೆ ಕಾಗದ ಹಿಡಿದು ಕಾಕಾನ ಹತ್ತಿರ ಓಡಿದೆ. “ಇನ್ನೂ ರೋಗ ಅಲ್ಲಂತ. ಮತ್ತ ಇನ್ಸುಲಿನ್ ಇಳದಿದ್ಯಾಕ?”

“ಮನೀಗ ಸಕ್ಕರಿ ಅನ್ನೋ ಬೀಗರು ಬರಾಕತ್ತಾರ, ರೊಟ್ಟಿ ಬಡಿಯಾಕಿ ಇನ್ಸುಲಿನ್ ಒಬ್ಬಾಕಿ. ಮೊದಲ ಹೆಚ್ಚಿಗಿ ಬಡದ್ಲು, ಈಗ ಕೈ ಸೋಲಾಕತ್ತೈತಿ. ಮಂದಿ ಇನ್ನೂ ಬಂದ್ರ ಹೆಂಗ?”

ಅಲ್ಲೇ ಅತ್ತುಬಿಟ್ಟೆ. ಅವ್ವನ ಕಾಲು ಕಣ್ಣಮುಂದೆ ಬಂತು.

“ಅಳಬ್ಯಾಡ. ಆಕಿ ಇನ್ನೂ ಕೈ ಚೆಲ್ಲಿಲ್ಲ. ಮಂದೀನ ಕಡಿಮಿ ಮಾಡು. ಡಾಕ್ಟರ್ ಹೇಳಿದಂಗ ಉಣ್ಣು, ನಡಿ.”

ಅಂದಿನಿಂದ ನಡೆಯುತ್ತಿದ್ದೇನೆ. ಗಡಿ ಇನ್ನೂ ದಾಟಿಲ್ಲ.

ಕಾಕಾ ಈ ಬೇಸಿಗೆಯಲ್ಲಿ ತೀರಿಕೊಂಡರು. ಮೊನ್ನೆ ಅದೇ ಪರೀಕ್ಷೆಗೆ ಲ್ಯಾಬಿಗೆ ಹೋದಾಗ ಹೊಸ ಹುಡುಗಿಯೊಬ್ಬಳು ಹೆಸರು, ವಯಸ್ಸು ಕೇಳಿ ಪಟ್ಟಿ ಕಟ್ಟಿದಳು. ಅಷ್ಟೇ, ಬೇರೇನೂ ಕೇಳಲಿಲ್ಲ. ನಾನೋ, ಹೆದರಿಕೆಗೆ ಮತ್ತೆ ಮೂರು ದಿನ ಮಜ್ಜಿಗೆಯ ಮೇಲೇ ಇದ್ದೆ. ಸೂಜಿ ಹತ್ತಿರ ಬಂದಾಗ ಕೈ ಎಳೆದುಕೊಂಡೆ.

“ನಾನು ಸರಿಯಾಗಿ ಉಂಡಿಲ್ಲಮ್ಮಾ,” ಎಂದೆ ತೆಲುಗಿನಲ್ಲಿ. “ಮೂರು ದಿನ ಬಿಟ್ಟು ಬರುತ್ತೇನೆ.”

ಅವಳು ಕಣ್ಣು ಕಣ್ಣು ಬಿಟ್ಟಳು. ಎದುರಿನ ಹೋಟೆಲಿಗೆ ಹೋಗಿ, ಕಾಕಾ ಹೇಳಿದ್ದ ಹಾಗೆ ದಿನದಂತೆ ಎರಡು ಇಡ್ಲಿ ಹೇಳಿ, ಅಳುತ್ತಲೇ ತಿಂದೆ.